ಹೊಸ ತೋಟೆಯೋ, ಹಳೆಯದೇ ಸಾಕೋ? ಬೇಟೆ ರೈಫಲ್ ಕೊಳ್ಳುವ ಮುನ್ನ

ಸೆಪ್ಟೆಂಬರ್ ಬಂತೆಂದರೆ ಇದೇ ಪ್ರಶ್ನೆ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಎಂಜಿನಿಯರಿಂಗ್ ಓದಿ ಡಲ್ಲಾಸ್, ಡೆನ್ವರ್ ಸೇರಿದವರು ಕೇಳುತ್ತಾರೆ: "ಅಣ್ಣಾ, ಆಫೀಸಿನವರು ಜಿಂಕೆ ಬೇಟೆಗೆ ಕರೀತಿದ್ದಾರೆ. 6.5 ಕ್ರೀಡ್‌ಮೋರ್ ತಗೊಳ್ಳಲಾ, ಹಳೇ .30-06 ಸಾಕಾ?" ಊರಲ್ಲೇ ಇರುವವರ ಪ್ರಶ್ನೆ ಬೇರೆ: "ಅಜ್ಜನ ಕಾಲದ .315 ಮನೇಲಿದೆ. ಅದಕ್ಕೆ ಈಗ ಬೆಲೆ ಇಲ್ವಾ?"

ಈ ಅಂಕಿಗಳೆಲ್ಲ ತೋಟೆಗಳ ಹೆಸರು, ಒಂದೊಂದು ರೈಫಲ್ಲೂ ಒಂದೊಂದು ತೋಟೆಗೆಂದೇ ಮಾಡಿದ್ದು. ಇಬ್ಬರಿಗೂ ಒಂದೇ ಕಡೆ ಉತ್ತರ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 300 ಗಜದೊಳಗೆ ತೋಟೆಯ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಸರಿಯಾದ ಗುಂಡು ಮತ್ತು ಹೆದರದ ಹೆಗಲು. ಹೊಸ ತೋಟೆಗಳಿಗೆ ಅವುಗಳದ್ದೇ ಆದ ಉಪಯೋಗ ಇದೆ, ಆದರೆ ಅದು ಎಲ್ಲರಿಗೂ ಬೇಕಾದ ಉಪಯೋಗ ಅಲ್ಲ.

ಎಲ್ಲಕ್ಕಿಂತ ಮೊದಲು ಕಾನೂನು

ನಮ್ಮ ದೇಶದಲ್ಲಿ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಇರಲಿ, ಜೋಗಿಮಟ್ಟಿಯ ಚಿರತೆ ಇರಲಿ, ಮುಟ್ಟುವ ಹಾಗಿಲ್ಲ. ಮೆಕ್ಕೆಜೋಳಕ್ಕೆ ನುಗ್ಗುವ ಕಾಡುಹಂದಿಯ ವಿಷಯವೂ ಅಷ್ಟೇ. ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು 11ನೇ ಕಲಂನಲ್ಲಿ ಅವಕಾಶ ಇದೆ, ಆದರೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು. ಬಂದೂಕಿನ ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಬೇಟೆಯ ಪರವಾನಗಿ ಸಿಕ್ಕಂತಲ್ಲ. ಉರುಳು, ಸಿಡಿಮದ್ದು, ತಂತಿಗೆ ಕರೆಂಟ್ ಕೊಡುವುದು ಇವಂತೂ ಬೇಡವೇ ಬೇಡ. ಹಂದಿಗಿಂತ ಮೊದಲು ಪಕ್ಕದ ಹೊಲದವರ ಜೀವ ಹೋಗುತ್ತದೆ.

ಹಾಗಾಗಿ ಈ ಲೇಖನದಲ್ಲಿ ಬೇಟೆ ಎಂದು ಬರೆದಲ್ಲೆಲ್ಲ, ಅದಕ್ಕೆ ಕಾನೂನು ಒಪ್ಪುವ ದೇಶದ ಮಾತು ಎಂದು ಓದಿಕೊಳ್ಳಿ.

ಅಮೆರಿಕದಲ್ಲಿರುವವರು ಇದನ್ನು ಎರಡು ಸಲ ಓದಿ. ನೀವು ಎಚ್-1ಬಿ ಅಥವಾ ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿದ್ದರೆ, ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮ ಹುಡುಗರಿಗೆ ಉಪಯೋಗಕ್ಕೆ ಬರುವುದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಅಂದರೆ ಮೊದಲು ಬೇಟೆ ಶಿಕ್ಷಣದ ಕೋರ್ಸ್, ಆಮೇಲೆ ಲೈಸೆನ್ಸ್, ಅದಾದ ಮೇಲೆ ರೈಫಲ್. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ, ಕೊಲೊರಾಡೊದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಈ ಕೋರ್ಸ್ ಕಡ್ಡಾಯ. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಬಂದೂಕು ಮನೆಯಲ್ಲಿರುವಾಗ ಲೈಸೆನ್ಸ್ ನವೀಕರಿಸಲು ಮರೆತರೆ ವೀಸಾಕ್ಕೇ ಕುತ್ತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ.

ನಾಲ್ಕೈದು ಪದ ಗೊತ್ತಿರಲಿ

ತೋಟೆ ಅಂದರೆ ಇಡೀ ಕಾರ್ಟ್ರಿಜ್. ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ನಳಿಗೆಯಿಂದ ಹೊರಗೆ ಹೋಗುವುದು ಗುಂಡು ಮಾತ್ರ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಸುಮಾರು 15.4 ಗ್ರೇನ್ ಸೇರಿದರೆ ಒಂದು ಗ್ರಾಂ. ಹಾಗಾಗಿ 180 ಗ್ರೇನ್ ಗುಂಡು 12 ಗ್ರಾಂಗಿಂತ ಸ್ವಲ್ಪ ಕಮ್ಮಿ. ಮದ್ದಿನ ತೂಕಕ್ಕೂ ಇದೇ ಅಳತೆ, ಗಲಿಬಿಲಿ ಮಾಡಿಕೊಳ್ಳಬೇಡಿ.

ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ ಅಂದರೆ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಗುಂಡು ತನ್ನ ವೇಗ ಎಷ್ಟು ಉಳಿಸಿಕೊಳ್ಳುತ್ತದೆ ಎನ್ನುವ ಅಂಕಿ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಉದ್ದನೆಯ, ಚೂಪು ಮೂತಿಯ ಗುಂಡಿಗೆ ಇದು ಜಾಸ್ತಿ. ಇನ್ನು ಟ್ವಿಸ್ಟ್. ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೀರುಗಳಿರುತ್ತವೆ, ಅವೇ ಗುಂಡನ್ನು ತಿರುಗಿಸುವುದು. 1:10 ಎಂದಿದ್ದರೆ 10 ಇಂಚು ಸಾಗುವಷ್ಟರಲ್ಲಿ ಗುಂಡು ಒಂದು ಸುತ್ತು ತಿರುಗುತ್ತದೆ. 1:8 ಎಂದರೆ ಇನ್ನೂ ಬಿರುಸಾದ ತಿರುಗು. ಈ ಟ್ವಿಸ್ಟ್ ಅನ್ನು ನೆನಪಿಟ್ಟುಕೊಳ್ಳಿ. ಹೊಸದು-ಹಳೆಯದರ ಜಗಳದ ಬೇರು ಇರುವುದು ಇಲ್ಲೇ.

ಹಂತ 1: ಯಾವ ಪ್ರಾಣಿ, ಎಷ್ಟು ದೂರ

ಟೆಕ್ಸಾಸ್‌ನಲ್ಲಿ ಹೆಚ್ಚಿನವರು ಹೋಗುವುದು ವೈಟ್‌ಟೇಲ್ ಜಿಂಕೆಗೆ. ನಮ್ಮ ಚುಕ್ಕೆ ಜಿಂಕೆಯೂ ಅಲ್ಲಿದೆ ಗೊತ್ತಾ? 1930ರ ದಶಕದಲ್ಲಿ ಒಯ್ದು ಬಿಟ್ಟದ್ದು, ಈಗ ಹಿಂಡುಹಿಂಡಾಗಿದೆ. ಅಲ್ಲಿ ಅದನ್ನು ಆಕ್ಸಿಸ್ ಎನ್ನುತ್ತಾರೆ, ವರ್ಷವಿಡೀ ಹೊಡೆಯಬಹುದು. ಕೃಷ್ಣಮೃಗವೂ ಇದೆ, ದಕ್ಷಿಣ ಟೆಕ್ಸಾಸ್‌ನಲ್ಲಿ ನೀಲಗಾಯ್ ಇದೆ. ಕೊಲೊರಾಡೊಗೆ ಹೋದರೆ ಎಲ್ಕ್ ಎಂಬ ಭಾರಿ ಜಿಂಕೆ. ಅದು ಬೇರೆಯೇ ಲೆಕ್ಕ. ದೊಡ್ಡ ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ನೀಲಗಾಯ್ ತೂಕದಲ್ಲಿ ಅದಕ್ಕಿಂತ ಕಮ್ಮಿ, ಆದರೆ ದಪ್ಪ ಚರ್ಮ, ಗಟ್ಟಿ ಜೀವ. ಏಟು ತಿಂದೂ ಓಡುತ್ತದೆ.

ಹಳೇ ಬೇಟೆಗಾರರದ್ದು ಒಂದು ಅಂದಾಜಿದೆ: ಗುಂಡು ತಾಗುವ ಜಾಗದಲ್ಲಿ ಜಿಂಕೆಗೆ 1000 ಫುಟ್-ಪೌಂಡ್, ಎಲ್ಕ್‌ಗೆ 1500 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. ಇದು ಅಂದಾಜು ಮಾತ್ರ, ಆದರೂ ಶುರುವಿಗೆ ಒಳ್ಳೆಯ ಅಳತೆ. ಕಾನೂನಿನ ಕನಿಷ್ಠ ಮಿತಿಯೂ ಇರುತ್ತದೆ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗೆ ಕನಿಷ್ಠ .24 ಕ್ಯಾಲಿಬರ್ (ನಳಿಗೆಯ ಒಳವ್ಯಾಸ, ಇಂಚಿನಲ್ಲಿ), ತಾಗಿದ ಮೇಲೆ ಮೂತಿ ಅರಳುವ ಗುಂಡು, ಎಲ್ಕ್‌ಗೆ ಕನಿಷ್ಠ 85 ಗ್ರೇನ್. ಆಫ್ರಿಕಾದ ಹಲವು ದೇಶಗಳಲ್ಲಿ ಕಾಡೆಮ್ಮೆಯಂಥ ಅಪಾಯದ ಪ್ರಾಣಿಗೆ .375ಕ್ಕಿಂತ ಚಿಕ್ಕದು ನಡೆಯುವುದಿಲ್ಲ. ಅಲ್ಲಿ ಇಂದಿಗೂ 1912ರ .375 ಎಚ್ ಆಂಡ್ ಎಚ್ ದೊರೆ.

ಈಗ ದೂರ. "500 ಗಜ ಹೊಡೀಬಹುದು" ಅಂತ ವಿಡಿಯೋದಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮ ಕಡೆಯ ಲೆಕ್ಕ ಹಾಕಿ. ಚೌಕವಾದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 70 ಗಜ. 300 ಗಜ ಅಂದರೆ ಅಂಥ ನಾಲ್ಕು ಹೊಲ ದಾಟಿ ಐದನೆಯದರೊಳಗೆ. 500 ಗಜ ಅಂದರೆ ಏಳು ದಾಟಬೇಕು. ಊರಿಗೆ ಬಂದಾಗ ಒಂದು ಸಲ ಬದುವಿನ ಮೇಲೆ ನಿಂತು ಏಳು ಹೊಲದಾಚೆ ನಿಂತ ಎಮ್ಮೆಯನ್ನು ನೋಡಿ. ಜಿಂಕೆಯ ಎದೆಗೂಡಲ್ಲಿ ನೀವು ಹೊಡೆಯಬೇಕಾದ ಜಾಗ, ಅಂದರೆ ಹೃದಯ ಮತ್ತು ಶ್ವಾಸಕೋಶ, ಒಂದು ಜೋಳದ ರೊಟ್ಟಿಯಷ್ಟು ಅಗಲ. ಎಂಟು ಇಂಚು. ಆ ದೂರದಲ್ಲಿ ಅಷ್ಟು ಜಾಗಕ್ಕೆ, ಗಾಳಿ ಬೀಸುತ್ತಿರುವಾಗ, ಏದುಸಿರು ಬಿಡುತ್ತಾ ಹೊಡೆಯುತ್ತೀರಾ? ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ. ತಪ್ಪಿದರೆ ಆ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ.

ಹಂತ 2: ಹೊಸದರಲ್ಲಿ ಹೊಸತೇನು

ಹಳೆಯವು ಯಾವುವು? .30-06 ಹುಟ್ಟಿದ್ದು 1906ರಲ್ಲಿ, ಹೆಸರಲ್ಲೇ ಇದೆ. .270 ವಿಂಚೆಸ್ಟರ್ 1925. .308 ವಿಂಚೆಸ್ಟರ್ 1952. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ 1962, .300 ವಿಂಚೆಸ್ಟರ್ ಮ್ಯಾಗ್ನಮ್ 1963. ಮ್ಯಾಗ್ನಮ್ ಅಂದರೆ ಮದ್ದು ಜಾಸ್ತಿ ಹಿಡಿಯುವ ಬಲವಾದ ತೋಟೆ. ಹೊಸವು? 6.5 ಕ್ರೀಡ್‌ಮೋರ್ 2007, 6.5 ಪಿಆರ್‌ಸಿ 2018, 6.8 ವೆಸ್ಟರ್ನ್ 2021, 7 ಎಂಎಂ ಪಿಆರ್‌ಸಿ 2022.

ಹೊಸವುಗಳ ಮದ್ದಿನಲ್ಲಿ ಏನೋ ಮಾಯೆ ಇದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ವ್ಯತ್ಯಾಸ ಇರುವುದು ಆಕಾರದಲ್ಲಿ. .270ರ ರೈಫಲ್‌ಗಳ ನಳಿಗೆಗೆ ಸಾಂಪ್ರದಾಯಿಕವಾಗಿ 1:10 ಟ್ವಿಸ್ಟ್. ಅದು 130, 150 ಗ್ರೇನ್ ಗುಂಡಿಗೆ ಹೇಳಿ ಮಾಡಿಸಿದ್ದು. ಅದಕ್ಕಿಂತ ಉದ್ದದ, ಭಾರದ ಗುಂಡು ಹಾಕಿದರೆ ತಿರುಗು ಸಾಲದೆ ಗುಂಡು ಹಾರುವಾಗ ಓಲಾಡುತ್ತದೆ. 6.8 ವೆಸ್ಟರ್ನ್ ಬಳಸುವುದೂ ಅದೇ .277 ಇಂಚು ವ್ಯಾಸದ ಗುಂಡನ್ನೇ. ಆದರೆ ಟ್ವಿಸ್ಟ್ 1:8 ಅಥವಾ ಅದಕ್ಕಿಂತ ಬಿರುಸು. ಹಾಗಾಗಿ 165, 175 ಗ್ರೇನಿನ ಉದ್ದನೆಯ ಗುಂಡು ಅದರಲ್ಲಿ ನೆಟ್ಟಗೆ ಹೋಗುತ್ತದೆ. ಕ್ರೀಡ್‌ಮೋರ್ ಕಥೆಯೂ ಇದೇ. ಅದು ಹುಟ್ಟಿದ್ದು ಗುರಿ ಸ್ಪರ್ಧೆಗೆ, ಬೇಟೆಗಲ್ಲ. ಕೇಸು ಗಿಡ್ಡ ಮಾಡಿದರು, ಅದರಿಂದ ಉದ್ದನೆಯ ಗುಂಡು ಕೇಸಿನೊಳಗೆ ಹುದುಗದೆ ಮ್ಯಾಗಜೀನಿನಲ್ಲಿ ಕೂರುತ್ತದೆ.

ಇದರ ಲಾಭ ಎಷ್ಟು? .30-06ರ 180 ಗ್ರೇನ್ ಗುಂಡೂ, ಕ್ರೀಡ್‌ಮೋರ್‌ನ 143 ಗ್ರೇನ್ ಗುಂಡೂ ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿರುತ್ತವೆ. ಎರಡನ್ನೂ 200 ಗಜಕ್ಕೆ ಗುರಿ ಕೂರಿಸಿದ್ದೀರಿ, ಅಂದರೆ ಆ ದೂರದಲ್ಲಿ ಗುಂಡು ಇಟ್ಟ ಗುರಿಗೇ ಬೀಳುತ್ತದೆ ಎಂದಿಟ್ಟುಕೊಳ್ಳಿ. 300 ಗಜದಲ್ಲಿ ಎರಡೂ ಹತ್ತಿರ ಹತ್ತಿರ 8 ಇಂಚು ಕೆಳಗೆ ಬೀಳುತ್ತವೆ. ಜಿಂಕೆಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅಲ್ಲಿ ಶಕ್ತಿ .30-06ಕ್ಕೇ ಜಾಸ್ತಿ. 500 ಗಜಕ್ಕೆ ಹೋದಾಗ ಆಟ ಬದಲಾಗುತ್ತದೆ. ಅಷ್ಟೊತ್ತಿಗೆ ಚಿಕ್ಕ ಗುಂಡು ಶಕ್ತಿಯಲ್ಲಿ ದೊಡ್ಡದನ್ನು ಹೆಚ್ಚುಕಮ್ಮಿ ಹಿಡಿದುಬಿಡುತ್ತದೆ, ಅಡ್ಡಗಾಳಿಗೆ ಸರಿಯುವುದೂ ಕಮ್ಮಿ. ಇದು ಸುಳ್ಳು ಜಾಹೀರಾತಲ್ಲ, ನಿಜವಾದ ಅನುಕೂಲ. ಪ್ರಶ್ನೆ ಏನೆಂದರೆ, ನೀವು ಆ ದೂರಕ್ಕೆ ಹೊಡೆಯುತ್ತೀರಾ?

2025ರಲ್ಲಿ 7 ಎಂಎಂ ಬ್ಯಾಕ್‌ಕಂಟ್ರಿ ಎಂಬುದೂ ಬಂದಿದೆ. ಹಿತ್ತಾಳೆ ಬದಲು ಉಕ್ಕಿನ ಮಿಶ್ರಲೋಹದ ಕೇಸು, ಒಳಗಿನ ಒತ್ತಡ 80,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಅಳತೆ). ಮಾಮೂಲಿ ರೈಫಲ್ ತೋಟೆಗಳು 65,000ದ ಆಸುಪಾಸಿನಲ್ಲಿ ನಿಲ್ಲುತ್ತವೆ. ಗಿಡ್ಡ ನಳಿಗೆಯಲ್ಲೂ ಒಳ್ಳೆಯ ವೇಗ ಕೊಡುತ್ತದೆ, ನಿಜ. ಮೊದಲ ರೈಫಲ್‌ಗೆ ಇದು ಬೇಡ. ಇನ್ನೂ ನಾಲ್ಕು ವರ್ಷ ಹೋಗಲಿ.

ಹಂತ 3: ಹೆಗಲನ್ನು ಕೇಳಿ

ಬಂದೂಕು ಹಿಂದಕ್ಕೆ ಒದೆಯುವುದನ್ನು ರಿಕಾಯಿಲ್ ಎನ್ನುತ್ತಾರೆ. ಎಂಟು ಪೌಂಡ್ ತೂಕದ ರೈಫಲ್ ಇಟ್ಟುಕೊಂಡರೆ ಕ್ರೀಡ್‌ಮೋರ್ ಸುಮಾರು 12 ಫುಟ್-ಪೌಂಡ್ ಒದೆಯುತ್ತದೆ. .270 ಮತ್ತು .308 ಸುಮಾರು 17, .30-06 ಸುಮಾರು 20, .300 ವಿಂಚೆಸ್ಟರ್ ಮ್ಯಾಗ್ನಮ್ 25 ದಾಟುತ್ತದೆ.

ಕಾಗದದ ಮೇಲೆ ಇವು ಬರೀ ಅಂಕಿ. ಹೊಸಬರು ರೇಂಜಿನಲ್ಲಿ (ಗುರಿ ಅಭ್ಯಾಸದ ಜಾಗ) ಮ್ಯಾಗ್ನಮ್ ಹಿಡಿದಾಗ ಪಕ್ಕ ನಿಂತು ಗಮನಿಸಿ. ಮೊದಲ ಈಡು ಚೆನ್ನಾಗಿ ಹೋಗುತ್ತದೆ, ಏನಾಗುತ್ತದೆಂದು ಇನ್ನೂ ಗೊತ್ತಿಲ್ಲ. ಎರಡನೇ ಈಡಿಗೆ ಕೆನ್ನೆ ಹಿಡಿಕೆಯಿಂದ ಸ್ವಲ್ಪ ಮೇಲೇಳುತ್ತದೆ. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿಕೊಂಡೇ ಕುದುರೆ (ಟ್ರಿಗರ್) ಎಳೆಯುತ್ತಾರೆ, ನಳಿಗೆಯ ತುದಿ ಕೆಳಕ್ಕೆ ಬಾಗುತ್ತದೆ. ಗುಂಡು ಎಲ್ಲೋ ಬೀಳುತ್ತದೆ. ಈ ಹೆದರಿಕೆ ಒಂದು ಸಲ ಮೈಗೆ ಹತ್ತಿದರೆ ಬಿಡಿಸುವುದು ಕಷ್ಟ. "ಎಲ್ಕ್ ದೊಡ್ಡದು, ಹಾಗಾಗಿ ಮ್ಯಾಗ್ನಮ್ಮೇ ಬೇಕು" ಎನ್ನುವವರಿಗೆ ನಾನು ಹೇಳುವುದು ಇಷ್ಟು. ಎದೆಗೂಡಿಗೆ ಸರಿಯಾಗಿ ಬಿದ್ದ .270, ಹೊಟ್ಟೆಗೆ ಬಿದ್ದ ಮ್ಯಾಗ್ನಮ್‌ಗಿಂತ ಸಾವಿರ ಪಾಲು ಮೇಲು.

ಸ್ಕೋಪನ್ನು, ಅಂದರೆ ರೈಫಲ್ ಮೇಲಿನ ದುರ್ಬೀನನ್ನು, ಕಣ್ಣಿಗೆ ತೀರಾ ಹತ್ತಿರ ಕೂರಿಸಿದರೆ ಒದೆತಕ್ಕೆ ಹುಬ್ಬು ಸೀಳುತ್ತದೆ. ಮೂರೂವರೆ ಇಂಚಾದರೂ ಅಂತರ ಇರಲಿ.

ಹಂತ 4: ಗುಂಡು ಆರಿಸಿ, ಇದೇ ಮುಖ್ಯ

ತೋಟೆಯ ಹೆಸರಿಗಾಗಿ ತಿಂಗಳುಗಟ್ಟಲೆ ವಾದ ಮಾಡಿ, ಕೊನೆಗೆ ಅಂಗಡಿಯಲ್ಲಿ ಯಾವುದು ಅಗ್ಗವೋ ಆ ಪೆಟ್ಟಿಗೆ ಎತ್ತಿಕೊಂಡು ಬರುತ್ತಾರೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಪ್ರಾಣಿಗೆ ತಾಗುವುದು ಗುಂಡು, ಪೆಟ್ಟಿಗೆಯ ಮೇಲಿನ ಹೆಸರಲ್ಲ.

ಸಾದಾ ಬೇಟೆ ಗುಂಡಿಗೆ ಒಳಗೆ ಸೀಸ, ಹೊರಗೆ ತಾಮ್ರದ ಹೊದಿಕೆ. ತಾಗಿದ ಮೇಲೆ ಮೂತಿ ಅರಳಿ ಅಗಲವಾಗುತ್ತದೆ. ಜಿಂಕೆಗೆ ಇದು ಧಾರಾಳ ಸಾಕು. ಆದರೆ ಹತ್ತಿರದಿಂದ, ಅತಿ ವೇಗದಲ್ಲಿ, ದಪ್ಪ ಮೂಳೆಗೆ ತಾಗಿದರೆ ಚೂರಾಗಿ ಒಳಗೆ ಇಳಿಯದೇ ಹೋಗಬಹುದು. 1946ರಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರನಿಗೆ ಕೆನಡಾದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಯಾಡುವಾಗ ಆದದ್ದು ಇದೇ. ಕೈಯಲ್ಲಿ .300 ಮ್ಯಾಗ್ನಮ್ ಇತ್ತು, ಕೈಕೊಟ್ಟದ್ದು ಗುಂಡು. ಆತ ನಡುವೆ ತಾಮ್ರದ ಅಡ್ಡಗೋಡೆ ಇರುವ ಗುಂಡು ಮಾಡಿದ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ನುಗ್ಗುತ್ತಲೇ ಇರುತ್ತದೆ. ಪಾರ್ಟಿಶನ್ ಎಂಬ ಆ ಗುಂಡು 1948ರಿಂದ ಇಂದಿನವರೆಗೂ ಮಾರಾಟದಲ್ಲಿದೆ.

ಎಲ್ಕ್, ನೀಲಗಾಯ್‌ನಂಥ ಗಟ್ಟಿ ಪ್ರಾಣಿಗೆ ಪಾರ್ಟಿಶನ್ ಥರದ್ದು ತೆಗೆದುಕೊಳ್ಳಿ. ಸೀಸವನ್ನು ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡು ಆದೀತು, ಪೂರ್ತಿ ತಾಮ್ರದ್ದೂ ಆದೀತು. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಆಯ್ಕೆಯೇ ಇಲ್ಲ. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧ. ಆದರೆ ತಾಮ್ರದ ಗುಂಡು ಅರಳಲು ವೇಗ ಜಾಸ್ತಿ ಬೇಕು. ಮಾಮೂಲಿ ಗುಂಡು ಸೆಕೆಂಡಿಗೆ 1800 ಅಡಿ ವೇಗ ಉಳಿದಿದ್ದರೆ ಅರಳುತ್ತದೆ, ತಾಮ್ರದವು ಕೆಲವಕ್ಕೆ 2000 ಅಡಿ ಬೇಕು. ಇನ್ನೊಂದು, ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದವಾದರೆ ಮತ್ತೆ ಟ್ವಿಸ್ಟ್ ಪ್ರಶ್ನೆ. ಹಳೇ 1:10 ನಳಿಗೆಯ .270 ಇದ್ದರೆ ತಾಮ್ರದಲ್ಲಿ 130 ಗ್ರೇನ್ ಅಥವಾ ಅದಕ್ಕಿಂತ ಹಗುರದ್ದು ನೋಡಿ.

ಮೂತಿ ಪೂರ್ತಿ ಮುಚ್ಚಿದ, ಅರಳದ ಗುಂಡನ್ನು ಫುಲ್ ಮೆಟಲ್ ಜಾಕೆಟ್ ಎನ್ನುತ್ತಾರೆ. ಅಗ್ಗಕ್ಕೆ ಸಿಗುತ್ತದೆ. ಅದು ಅಭ್ಯಾಸಕ್ಕೆ ಮಾತ್ರ. ಜಿಂಕೆಗೆ ಹೊಡೆದರೆ ಸೂಜಿ ತೂತು ಮಾಡಿ ಆಚೆ ಹೋಗುತ್ತದೆ, ಪ್ರಾಣಿ ಓಡಿಹೋಗಿ ಎಲ್ಲೋ ಸಾಯುತ್ತದೆ.

ಹಂತ 5: ಅಂಗಡಿಯಲ್ಲಿ ಸಿಗುತ್ತಾ?

ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಗೂ ಹೋಗಿ ನೋಡಿ. .30-06, .308, .270, .30-30 ಇದ್ದೇ ಇರುತ್ತವೆ. ಕ್ರೀಡ್‌ಮೋರ್ ಕೂಡ ಈಗ ಎಲ್ಲೆಡೆ ಸಿಗುತ್ತದೆ, ಆ ಮಟ್ಟಿಗೆ ಅದನ್ನು ಹೊಸದೆನ್ನುವುದೇ ಕಷ್ಟ. 6.8 ವೆಸ್ಟರ್ನ್ ಹುಡುಕಬೇಕಾಗುತ್ತದೆ. ಬೇಟೆಗೆ ಹೊರಟ ಊರಿಗೆ ತಲುಪಿ, ವಿಮಾನದಲ್ಲಿ ಸಾಮಾನು ತಪ್ಪಿಹೋಗಿ ಬರೀ ರೈಫಲ್ ಕೈಯಲ್ಲಿದ್ದರೆ, ಆಗ ಹಳೇ ತೋಟೆಯ ಬೆಲೆ ಗೊತ್ತಾಗುತ್ತದೆ. ಅಭ್ಯಾಸದ ಖರ್ಚನ್ನೂ ಲೆಕ್ಕ ಹಾಕಿ. ದುಬಾರಿ ತೋಟೆ ಕೊಂಡವರು ಅಭ್ಯಾಸ ಕಮ್ಮಿ ಮಾಡುತ್ತಾರೆ.

ಹಂತ 6: ಹೆಸರು ಓದಿ, ಪೂರ್ತಿ ಓದಿ

ನಳಿಗೆಯ ಮೇಲೆ ಕೊರೆದ ಹೆಸರು, ಪೆಟ್ಟಿಗೆಯ ಮೇಲಿನ ಹೆಸರು, ಕೇಸಿನ ತಳದ ಗುರುತು. ಮೂರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. .270 ವಿಂಚೆಸ್ಟರ್ ಬೇರೆ, .270 ಡಬ್ಲ್ಯುಎಸ್‌ಎಂ ಬೇರೆ. 6.5 ಕ್ರೀಡ್‌ಮೋರ್ ಬೇರೆ, 6.5 ಪಿಆರ್‌ಸಿ ಬೇರೆ. .300 ಎಂದು ಶುರುವಾಗುವುದು ಐದಾರು ಇವೆ. ಎಲ್ಲಕ್ಕಿಂತ ಅಪಾಯದ್ದು .300 ಬ್ಲ್ಯಾಕೌಟ್. ಅದು ಗೊತ್ತಿಲ್ಲದೆ .223 ರೈಫಲ್‌ನೊಳಗೆ ಕೂತುಬಿಟ್ಟರೆ ರೈಫಲ್ ಸಿಡಿಯುತ್ತದೆ. ಎರಡು ಥರದ ತೋಟೆಗಳನ್ನು ಒಂದೇ ಜೇಬಿಗೆ, ಒಂದೇ ಚೀಲಕ್ಕೆ ಯಾವತ್ತೂ ಹಾಕಬೇಡಿ.

ಹಂತ 7: ಗುರಿ ಕೂರಿಸಿ

ಬೇಟೆಗೆ ಒಯ್ಯುವ ಅದೇ ಗುಂಡಿನಲ್ಲೇ ಗುರಿ ಕೂರಿಸಬೇಕು. ಬ್ರ್ಯಾಂಡ್ ಬದಲಾದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. 100 ಗಜದಲ್ಲಿ ಎರಡು ಇಂಚು ಮೇಲೆ ಬೀಳುವಂತೆ ಸ್ಕೋಪ್ ತಿರುಗಿಸಿದರೆ ಇಲ್ಲಿ ಹೇಳಿದ ಹೆಚ್ಚಿನ ತೋಟೆಗಳು 200 ಗಜದ ಸುತ್ತಮುತ್ತ ಸರಿಯಾಗಿ ಬೀಳುತ್ತವೆ. ಆಮೇಲೆ ಮೇಜು ಬಿಟ್ಟೇಳಿ. ಕೂತು, ಮಂಡಿಯೂರಿ, ಮರಕ್ಕೆ ಒರಗಿ ಹೊಡೆಯಿರಿ. ಎಂಟು ಇಂಚಿನ ಕಾಗದದ ತಟ್ಟೆ ನೇತುಹಾಕಿ. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ದೂರ ಎಷ್ಟೋ ಅದೇ ನಿಮ್ಮ ಬೇಟೆಯ ದೂರ. ಅದು 180 ಗಜ ಎಂದಾದರೆ 180 ಗಜ, ಅಷ್ಟೇ.

ಹಾಗಾದರೆ ಯಾವುದು?

ಮೊದಲ ರೈಫಲ್, ಹೆಚ್ಚಾಗಿ ಜಿಂಕೆ, 300 ಗಜದೊಳಗೆ ಎಂದರೆ .308 ಅಥವಾ ಕ್ರೀಡ್‌ಮೋರ್. ಮೈಕಟ್ಟು ಸಣ್ಣದಿದ್ದರೆ, ಗಂಡಹೆಂಡತಿ ಇಬ್ಬರೂ ಬಳಸುವುದಾದರೆ ಯೋಚನೆ ಬೇಡ, ಕ್ರೀಡ್‌ಮೋರ್. ಜಿಂಕೆಯ ಜೊತೆಗೆ ಮುಂದೆ ಎಲ್ಕ್, ನೀಲಗಾಯ್ ಆಸೆಯೂ ಇದೆಯೆಂದರೆ .30-06 ಕೊಳ್ಳಿ, 180 ಗ್ರೇನ್ ಗಟ್ಟಿ ಗುಂಡು ಹಾಕಿ. ಬಯಲು ಬೆಟ್ಟದಲ್ಲಿ ದೂರದ ಎಲ್ಕ್ ಬೇಟೆಗೇ ಹೊರಟಿದ್ದೀರಿ, ಅಭ್ಯಾಸಕ್ಕೆ ಸಮಯವೂ ದುಡ್ಡೂ ಇದೆ ಎಂದರೆ ಮಾತ್ರ 7 ಎಂಎಂ ಪಿಆರ್‌ಸಿ. ಮನೆಯಲ್ಲಿ ಆಗಲೇ .270 ಇದ್ದರೆ ಏನೂ ಕೊಳ್ಳಬೇಡಿ. ಆ ದುಡ್ಡಿಗೆ ಒಳ್ಳೆಯ ಸ್ಕೋಪ್ ಹಾಕಿಸಿ.

ಅಜ್ಜನ .315 ಬಗ್ಗೆ

ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟೆ ಜನರ ಕೈಗೆ ಸಿಗಬಾರದೆಂದು ನಾಗರಿಕರಿಗೆ ಬೇರೆ ಅಳತೆ ಕೊಟ್ಟರು. .315 ಹೀಗೆ ನಮ್ಮ ಮನೆಗಳಿಗೆ ಬಂತು. .303 ಇಂದಿಗೂ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ. .315ರದ್ದು 244 ಗ್ರೇನಿನ ಭಾರದ ಗುಂಡು, ಸೆಕೆಂಡಿಗೆ 2000 ಅಡಿಯ ಸುಮಾರು ವೇಗ. 150 ಗಜದೊಳಗೆ ಇಂದಿಗೂ ಬಲವಾದ ತೋಟೆ. ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಬಳಸುತ್ತಿದ್ದದ್ದೂ 1904ರ ನಿಧಾನದ .405 ವಿಂಚೆಸ್ಟರ್. ಹೊಸದುರ್ಗ, ಹೊಳಲ್ಕೆರೆ ಸೀಮೆಯ ನರಭಕ್ಷಕ ಹುಲಿಯ ಬಗ್ಗೆಯೂ ಆತ ಬರೆದಿದ್ದಾನೆ. ಆ ಹುಲಿಬೇಟೆಗಳೆಲ್ಲ ಹತ್ತಿರದಿಂದ ಆದವು.

ಹಾಗಾಗಿ ಅಜ್ಜನ ರೈಫಲ್ ಕಸ ಅಲ್ಲ. ಆದರೆ ಅಜ್ಜನ ಕಾಲದ ತೋಟೆ ಹೊಡೆಯಬೇಡಿ. ಹಸಿರು ಕಿಲುಬು ಹಿಡಿದ ಕೇಸು, ಸಡಿಲವಾದ ಗುಂಡು ಕಂಡರೆ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೆ ತೋರಿಸಿ. ಅಜ್ಜ ತೀರಿಕೊಂಡಿದ್ದರೆ ಲೈಸೆನ್ಸ್ ವಾರಸುದಾರರ ಹೆಸರಿಗೆ ಆಗುವವರೆಗೆ ಬಂದೂಕು ಠಾಣೆಯಲ್ಲೋ ವ್ಯಾಪಾರಿಯ ಬಳಿಯೋ ಠೇವಣಿ ಇರಬೇಕು. ಅಟ್ಟದ ಮೇಲೆ ಸುಮ್ನೆ ಇಟ್ಟುಕೊಳ್ಳುವುದು ಅಪರಾಧ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಎರಡೇ ಬಂದೂಕು, ಇದನ್ನೂ ನೋಡಿಕೊಳ್ಳಿ.

ಊರಿಗೆ ಬರುವಾಗ

ಬೇಟೆಯ ನೆನಪಿಗೆಂದು ಒಂದು ತೋಟೆಯನ್ನೂ ಚೀಲದಲ್ಲಿ ಹಾಕಿಕೊಂಡು ಬರಬೇಡಿ. ಖಾಲಿ ಕೇಸೂ ಬೇಡ. ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಒಂದೇ ಒಂದು ತೋಟೆ ಕಂಡರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಬೀಳುತ್ತದೆ. ರೇಂಜಿಗೆ ಒಯ್ದ ಚೀಲವನ್ನೇ ಪ್ರಯಾಣಕ್ಕೆ ಬಳಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಜಾಕೆಟ್ಟಿನ ಒಳಜೇಬು, ಚೀಲದ ಪಕ್ಕದ ಜಿಪ್, ಕ್ಯಾಮೆರಾ ಬ್ಯಾಗಿನ ಸಂದಿ, ಎಲ್ಲ ಮಗುಚಿ ಅಲ್ಲಾಡಿಸಿ ನೋಡಿ, ಆಮೇಲೆ ಬಟ್ಟೆ ತುಂಬಿ.